ಬಿಪಿ ನಾರ್ಮಲ್, ಆದರೂ ಎದೆ ಡವಡವ. ನಿಮಗೂ ಹೀಗಾಗಿತ್ತಾ?

ಕೇಳಿದವರು: ನನಗೆ 36 ವರ್ಷ. ಎರಡು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತದೆ. ಕೆಲವೊಮ್ಮೆ ಸುಮ್ನೆ ಕೂತಿದ್ದರೂ ಅಷ್ಟೇ. ಮನೆಯ ಮಶೀನಿನಲ್ಲಿ ಬಿಪಿ 118/76, ಪಲ್ಸ್ ಮಾತ್ರ 108, 112 ಹೀಗೆ ಬರುತ್ತದೆ. ಡಾಕ್ಟರು ಬಿಪಿ ನೋಡಿ, ಟೆನ್ಷನ್ ಮಾಡ್ಕೋಬೇಡಿ ಎಂದು ಕಳಿಸಿದರು. ಬಿಪಿ ಸರಿ ಇದ್ದ ಮೇಲೆ ಇದು ಯಾಕೆ?

ದಾವಣಗೆರೆಯಿಂದ: ನನಗೂ ಥೇಟ್ ಹೀಗೇ ಆಗಿತ್ತು. ಬಿಪಿ ಬೇರೆ, ಪಲ್ಸ್ ಬೇರೆ. ರಕ್ತ ನಾಳದ ಗೋಡೆಯನ್ನು ಎಷ್ಟು ಒತ್ತುತ್ತದೆ ಅನ್ನೋದು ಬಿಪಿ. ನಿಮಿಷಕ್ಕೆ ಎಷ್ಟು ಬಡಿತ ಅನ್ನೋದು ಪಲ್ಸ್. ಒಂದು ಸರಿ ಇದ್ದರೆ ಇನ್ನೊಂದೂ ಸರಿ ಇರಬೇಕು ಅಂತೇನಿಲ್ಲ. ದೊಡ್ಡವರಿಗೆ ಸುಮ್ಮನೆ ಕೂತಾಗ 60ರಿಂದ 100 ಇರಬೇಕು.

ಮನೆಯಲ್ಲಿ ದೃಷ್ಟಿ ಆಗಿದೆ ಎಂದು ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿಗೆ ಘಾಟೂ ಬರಲಿಲ್ಲ, ಅವರಿಗೆ ಇನ್ನೂ ಗ್ಯಾರಂಟಿ ಆಯಿತು! ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7.8. ಹೆಂಗಸರಿಗೆ 12 ಆದರೂ ಇರಬೇಕು. ಕೊಡ ಅರ್ಧವೇ ತುಂಬಿದರೆ ಬಾವಿಗೆ ಎರಡು ಪಟ್ಟು ಓಡಾಡಬೇಕಲ್ವಾ, ಹೃದಯವೂ ಹಾಗೇ ಓಡುತ್ತಿತ್ತು. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿತ್ತು. ಎಲ್ಲರಿಗೂ ಇರೋದೇ ಅಂದುಕೊಂಡಿದ್ದೆ. ಸ್ಕ್ಯಾನ್‌ನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ನೀವು ಮೊದಲು ಸಿಬಿಸಿ ಮಾಡಿಸಿ, ಹಿಮೋಗ್ಲೋಬಿನ್ ತೋರಿಸುವ ರಕ್ತ ಪರೀಕ್ಷೆ ಅದೇ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಹಾಸನದಿಂದ: ಅದರ ಜೊತೆಗೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತ ಪರೀಕ್ಷೆಯನ್ನೂ ಮಾಡಿಸಿ. ನನ್ನದು ಥೈರಾಯ್ಡ್ ಜಾಸ್ತಿಯಾಗಿತ್ತು. ಚೆನ್ನಾಗಿ ಉಣ್ಣುತ್ತಿದ್ದೆ, ತೂಕ ಮಾತ್ರ ಇಳಿಯುತ್ತಿತ್ತು. ಸೆಖೆ, ಕೈ ನಡುಕ. ಆಫೀಸಿನಲ್ಲಿ ಯಾವ ಡಯೆಟ್ ಅಂತ ಕೇಳುತ್ತಿದ್ದರು! ನಮ್ಮ ಅಕ್ಕನದು ಉಲ್ಟಾ ಕಥೆ. ಥೈರಾಯ್ಡ್ ಕಡಿಮೆ ಇದೆ ಎಂದು ತೆಗೆದುಕೊಳ್ಳುತ್ತಿದ್ದ ಮಾತ್ರೆಯ ಡೋಸ್ ಹೆಚ್ಚಾಗಿ ಎದೆ ಬಡಿತ ಶುರುವಾಗಿತ್ತು.

ರಾತ್ರಿ ಪಾಳಿಯವನು: ನನ್ನದು ನಾಚಿಕೆಯ ಕಥೆ. ದಿನಕ್ಕೆ ಏಳು ಕಾಫಿ, ನಾಲ್ಕು ಗಂಟೆ ನಿದ್ದೆ, ನೀರು ಕುಡಿಯೋದೇ ಇಲ್ಲ. ಮೇಲೆ ಮೂಗು ಕಟ್ಟಿದೆ ಎಂದು ಅಂಗಡಿಯಿಂದ ತಂದ ನೆಗಡಿ ಮಾತ್ರೆ. ಮೂಗು ಬಿಡಿಸುವ ಕೆಲವು ಮಾತ್ರೆಗಳು, ಆಸ್ತಮಾದ ಕೆಲವು ಪಂಪ್‌ಗಳು ಬಡಿತ ಏರಿಸುತ್ತವೆ ಎಂದು ಆಮೇಲೆ ಗೊತ್ತಾಯಿತು. ಎಲ್ಲ ಇಳಿಸಿದೆ, ಬಡಿತವೂ ಇಳಿಯಿತು.

ಮಂಗಳೂರಿನಿಂದ: ಒಂದು ಪ್ರಶ್ನೆ. ಬಡಿತ ನಿಧಾನಕ್ಕೆ ಏರುತ್ತದಾ, ಅಥವಾ ಸ್ವಿಚ್ ಹಾಕಿದ ಹಾಗೆ ಒಂದೇ ಸಲ ಶುರುವಾಗುತ್ತದಾ? ನನ್ನದು ಸ್ವಿಚ್ ಥರ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ದಿಢೀರನೆ 190. ಇಪ್ಪತ್ತು ನಿಮಿಷ ಆದ ಮೇಲೆ ದಿಢೀರನೆ ನಿಲ್ಲುತ್ತಿತ್ತು. ಆಸ್ಪತ್ರೆ ತಲುಪುವಷ್ಟರಲ್ಲಿ ಇಸಿಜಿ ನಾರ್ಮಲ್. ಮೂರು ಸಲ ಹೀಗೇ ಆಯಿತು. ಗಾಬರಿ ಕಾಯಿಲೆ ಎಂದು ಮಾತ್ರೆ ಬರೆದುಕೊಟ್ಟರು. ನಾನೂ ನಂಬಿದ್ದೆ, ಯಾಕೆಂದರೆ ಎದೆ ಹಾಗೆ ಹೊಡೆದುಕೊಂಡಾಗ ಗಾಬರಿ ಆಗದೆ ಇರುತ್ತದಾ?

ನಾಲ್ಕನೇ ಸಲ ಬಡಿತ ನಡೆಯುತ್ತಿರುವಾಗಲೇ ಇಸಿಜಿ ಸಿಕ್ಕಿತು. ಎಸ್‌ವಿಟಿ ಎಂದರು. ಹೃದಯದ ವಿದ್ಯುತ್ ದಾರಿಯಲ್ಲಿ ಒಂದು ಅಡ್ಡದಾರಿ ಇದೆಯಂತೆ, ಕರೆಂಟು ಅಲ್ಲೇ ಗಿರಕಿ ಹೊಡೆಯುತ್ತದೆ. ಆ ಗಿರಕಿ ನಿಲ್ಲಿಸಲು ಅಡೆನೊಸಿನ್ ಇಂಜೆಕ್ಷನ್ ಕೊಟ್ಟರು. ಕೆಲವೇ ಸೆಕೆಂಡು, ಆದರೆ ಜೀವವೇ ಹೋಯಿತು ಅನಿಸಿತು. ಆಮೇಲೆ ತೊಡೆಸಂದಿನ ನಾಳದಿಂದ ತಂತಿ ಹಾಕಿ ಆ ಅಡ್ಡದಾರಿಯನ್ನು ಸುಟ್ಟರು. ಅದಕ್ಕೆ ಅಬ್ಲೇಷನ್ ಅನ್ನುತ್ತಾರೆ. ಎರಡು ವರ್ಷವಾಯಿತು, ತೊಂದರೆ ಇಲ್ಲ. ಬಂದುಬಂದು ಹೋಗುವ ಬಡಿತವಾದರೆ 24 ಗಂಟೆಯ ಹೋಲ್ಟರ್ ಕೇಳಿ, ಅಂದರೆ ಮೈಗೆ ಕಟ್ಟಿಕೊಂಡೇ ಓಡಾಡುವ ಇಸಿಜಿ ಮಶೀನು. ಆ ದಿನವೂ ಬಾರದಿದ್ದರೆ ಹೆಚ್ಚು ದಿನದ್ದು ಕೇಳಿ.

ನಿವೃತ್ತ ನರ್ಸ್: ಮಶೀನನ್ನೇ ನಂಬಬೇಡಿ, ಬೆರಳಿಟ್ಟೂ ಎಣಿಸಿ. ಹೆಬ್ಬೆರಳು ಬೇಡ, ಅದಕ್ಕೆ ಅದರದೇ ನಾಡಿ ಇದೆ. ತೋರು ಬೆರಳು, ನಡು ಬೆರಳು ಮಣಿಕಟ್ಟಿನ ಮೇಲಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬಡಿತ ತಾಳ ತಪ್ಪಿದ ಹಾಗಿದ್ದರೆ ಅದನ್ನೂ ಬರೆದಿಡಿ, ಅದು ಬೇರೆ ಕಾಯಿಲೆ ಇರಬಹುದು. ಮಲಗಿ ಒಮ್ಮೆ, ಎದ್ದು ನಿಂತು ಹತ್ತು ನಿಮಿಷದೊಳಗೆ ಒಮ್ಮೆ ನೋಡಿ. ನಿಂತಾಗ 30ಕ್ಕಿಂತ ಜಾಸ್ತಿ ಏರುತ್ತಿದ್ದರೆ ಡಾಕ್ಟರಿಗೆ ಹೇಳಿ. ಜ್ವರ ಇದ್ದಾಗ ಲೆಕ್ಕ ಹಾಕಬೇಡಿ, ಆಗ ಏರಿಯೇ ಏರುತ್ತದೆ. ಎದೆ ನೋವು, ಉಸಿರು ಕಟ್ಟುವುದು, ತಲೆ ತಿರುಗಿ ಬೀಳುವುದು ಇದ್ದರೆ ಇಲ್ಲಿ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೇರೆ ಡಾಕ್ಟರ ಹತ್ತಿರ ಹೋದೆ. ಇಸಿಜಿಯಲ್ಲಿ ಬಡಿತ ಜೋರು, ಬೇರೇನಿಲ್ಲ. ಟಿಎಸ್‌ಎಚ್ ಸರಿ ಇದೆ. ಹಿಮೋಗ್ಲೋಬಿನ್ 8.9! ಕಬ್ಬಿಣದ ಮಾತ್ರೆ ಶುರುವಾಗಿದೆ. ಮಲ ಕಪ್ಪಾಗಿದೆ, ಹೆದರಬೇಕಾ?

ದಾವಣಗೆರೆಯಿಂದ: ಮಾತ್ರೆಗೆ ಕಪ್ಪಾಗುತ್ತದೆ. ಟಾರಿನ ಹಾಗೆ ಅಂಟಾಗಿ, ಕೆಟ್ಟ ವಾಸನೆ ಬಂದರೆ ಮಾತ್ರ ತಡಮಾಡದೆ ಡಾಕ್ಟರಿಗೆ ತೋರಿಸಿ. ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಾನು ಒಂದು ತಿಂಗಳು ಅದೇ ತಪ್ಪು ಮಾಡಿದ್ದೆ. ನಿಂಬೆಹಣ್ಣಿನ ಪಾನಕದ ಜೊತೆ ತಗೊಳ್ಳಿ. ಮತ್ತೆ, ಸ್ಕ್ಯಾನ್ ಬೇಕಾ ಎಂದು ಕೇಳಿದಿರಾ? ರಕ್ತ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಬೇಕಲ್ವಾ.