ಲಿಲ್ಲಿ ಎಲೆ ತಿನ್ನುತ್ತಿರುವುದು ಕೆಂಪು ಜೀರುಂಡೆಯೇ?

ಪ್ರಶ್ನೆ (ಶಿಡ್ಲಘಟ್ಟ):
ಅಂಗಳದ ಲಿಲ್ಲಿ ಎಲೆಗಳು ಎರಡೇ ದಿನದಲ್ಲಿ ಬೋಳಾಗಿವೆ. ಹುಳುವಿನ ಮೈ ಕಪ್ಪು, ಮೇಲೆ ಬಿಳಿ, ಕೆಂಪು ಚುಕ್ಕೆ. ವಿಡಿಯೋಗಳಲ್ಲಿ ತೋರಿಸುವ ಕೆಂಪು ಜೀರುಂಡೆಯ ಮರಿಗಳೇ ಇವು? ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿದೆ.

ಉತ್ತರ 1 (ಚಿಂತಾಮಣಿ):
ಅಲ್ಲ. ಆ ಜೀರುಂಡೆ ಯೂರೋಪ್, ಉತ್ತರ ಅಮೆರಿಕದ ತೋಟಗಳ ಕಾಟ. ಅದರ ಮರಿ ತನ್ನದೇ ಹಿಕ್ಕೆಯನ್ನು ಮೈಗೆ ಮೆತ್ತಿಕೊಂಡಿರುತ್ತದೆ. ನಿಮ್ಮಲ್ಲಿರುವುದು ಲಿಲ್ಲಿ ಪತಂಗದ ಹುಳು. ಮೊಟ್ಟೆಗಳು ಎಲೆಯ ಮೇಲೆ ಗುಂಪಾಗಿರುತ್ತವೆ, ಆ ತುಂಡನ್ನೇ ಕತ್ತರಿಸಿ. ಹುಳುಗಳನ್ನು ಆರಿಸಿ ಸೋಪಿನ ನೀರಿಗೆ ಹಾಕಿ. ಎಲೆಗಳ ಬುಡದ ಸಂದಿ ಬಿಡಿಸಿ ನೋಡುವುದನ್ನು ಮರೆಯಬೇಡಿ.

ಉತ್ತರ 2 (ಮಾಲೂರು):
ಸಾಮಾನ್ಯವಾಗಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 1 ಮಿ.ಲೀ. ದ್ರವ ಸೋಪು ಬೆರೆಸಿ ಸಂಜೆ ಹೊಡೆಯುತ್ತಾರೆ. ಎಣ್ಣೆಯನ್ನು ಮೊದಲು ಸೋಪಿನಲ್ಲಿ ಕಲಸಬೇಕು, ಇಲ್ಲವಾದರೆ ಮೇಲೆ ತೇಲುತ್ತದೆ. ನುಣುಪು ಎಲೆಯ ಮೇಲೆ ಸೋಪಿಲ್ಲದ ಹನಿ ನಿಲ್ಲುವುದೂ ಇಲ್ಲ. ಬಿಟಿ ಪುಡಿ (ಎಲೆ ತಿನ್ನುವ ಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ಎಳೆ ಹುಳುಗಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನಿಮ್ಮ ಜಾಗದಲ್ಲಿ ಎರಡೂ ಬೇಡ! ಗಾಳಿಗೆ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ರೇಷ್ಮೆ ಹುಳುಗಳಿಗೇ ಅಪಾಯ. ಕೈಯಿಂದ ಆರಿಸುವುದೇ ಸರಿ.

ಪ್ರಶ್ನೆ ಕೇಳಿದವರು:
ಬೋಳಾದ ಗೆಡ್ಡೆ ಕಿತ್ತು ಬಿಸಾಡಬೇಕೇ?

ಉತ್ತರ 1:
ಬೇಡ. ಗೆಡ್ಡೆ ಗಟ್ಟಿಯಿದ್ದರೆ ಮತ್ತೆ ಚಿಗುರುತ್ತದೆ. ಎಲೆಯಿಲ್ಲದಾಗ ಗಿಡ ನೀರೆಳೆಯುವುದು ಕಡಿಮೆ, ಹೆಚ್ಚು ಹಾಕಿದರೆ ಕೊಳೆಯುತ್ತದೆ. ಹುಳು ಪತಂಗವಾಗುವ ಮೊದಲು ಮಣ್ಣಿನಲ್ಲಿ ಕೋಶ (ಪ್ಯೂಪಾ) ಆಗುವುದರಿಂದ ಬುಡದ ಸುತ್ತ ಎರಡು ಇಂಚು ಕೆದಕಿ, ಸಿಕ್ಕಿದ ಕೋಶಗಳನ್ನು ಆರಿಸಿ ತೆಗೆಯಿರಿ.