ಸ್ಪೀಚ್ ಥೆರಪಿ ಓದುವವಳಿಗೆ ಸ್ಪ್ಯಾನಿಷ್ ಎಷ್ಟು ಬೇಕು?

ಪ್ರಶ್ನೆ: ನಾವಿರುವುದು ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಮಗಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಾಳೆ. ಸ್ಪೀಚ್ ಲ್ಯಾಂಗ್ವೇಜ್ ಪೆಥಾಲಜಿ (ಮಾತು, ಭಾಷೆಯ ತೊಂದರೆಗಳಿಗೆ ಚಿಕಿತ್ಸೆ ಕೊಡುವ ವಿದ್ಯೆ, ಅಂದರೆ ಸ್ಪೀಚ್ ಥೆರಪಿ) ಓದಿ ಶಾಲಾ ಮಕ್ಕಳ ಜತೆ ಕೆಲಸ ಮಾಡುವ ಆಸೆ ಅವಳಿಗೆ. ಹೈಸ್ಕೂಲಿನಲ್ಲಿ ಕಲಿತ ಸ್ಪ್ಯಾನಿಷ್ ಬಿಡಲೂ ಮನಸ್ಸಿಲ್ಲ. ಕಾಲೇಜಿನಲ್ಲಿ ಎರಡನ್ನೂ ಮೇಜರ್ (ಮುಖ್ಯ ವಿಷಯ) ಮಾಡಲೇ, ಸ್ಪ್ಯಾನಿಷ್ ಮೈನರ್ (ಉಪವಿಷಯ) ಆದರೆ ಸಾಕೇ ಅಂತ ಕೇಳುತ್ತಿದ್ದಾಳೆ. ಈ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಇಲ್ಲೇ ಒಂದು ಶಾಲಾ ಜಿಲ್ಲೆಯಲ್ಲಿ ದ್ವಿಭಾಷಾ ಸ್ಪೀಚ್ ಥೆರಪಿಸ್ಟ್. ಸ್ಪ್ಯಾನಿಷ್ ಖಂಡಿತ ಬಿಡಿಸಬೇಡಿ. ಮೇಜರೋ ಮೈನರೋ ಅನ್ನುವುದಕ್ಕಿಂತ ಯಾವ ಕೋರ್ಸ್ ಆರಿಸುತ್ತಾಳೆ ಅನ್ನುವುದು ಮುಖ್ಯ. ಸ್ಪ್ಯಾನಿಷ್ ಮೇಜರಿನಲ್ಲಿ ಸಾಹಿತ್ಯದ ಪಾಲು ದೊಡ್ಡದು. ಅದನ್ನು ಓದುವುದೂ ಒಳ್ಳೆಯದೇ, ಆದರೆ ನಮ್ಮ ಕೆಲಸಕ್ಕೆ ಬೇಕಾದದ್ದು ಸ್ಪ್ಯಾನಿಷ್ ಧ್ವನಿವಿಜ್ಞಾನ, ಭಾಷಾವಿಜ್ಞಾನ, ಉಪಭಾಷೆಗಳ ಅಧ್ಯಯನ.

ಉದಾಹರಣೆಗೆ, ಮಾತಿನ ಪರೀಕ್ಷೆಗೆ ಬಂದ ಸ್ಪ್ಯಾನಿಷ್ ಮನೆಮಾತಿನ ಮಗು 'ಸ್ಕೂಲ್' ಅನ್ನಲು 'ಎಸ್ಕೂಲ್' ಅನ್ನುತ್ತದೆ. ಸ್ಪ್ಯಾನಿಷ್ ಪದಗಳು ಸಕಾರದ ಒತ್ತಕ್ಷರದಿಂದ ಶುರುವಾಗುವುದಿಲ್ಲ. ನಮ್ಮ ಹಳ್ಳಿಯ 'ಇಸ್ಕೂಲು' ಇದ್ದ ಹಾಗೇ ಅದು, ದೋಷವಲ್ಲ. ಪೋರ್ಟೊ ರಿಕೊ ಮೂಲದ ಮಗು 'ಲೋಸ್ ನಿನ್ಯೋಸ್' (ಮಕ್ಕಳು) ಬದಲು 'ಲೋ ನಿನ್ಯೋ' ಅಂದರೆ ಬಹುವಚನ ಬರುವುದಿಲ್ಲ ಎಂದು ಬರೆದುಕೊಳ್ಳಬಾರದು. ಆ ಕಡೆ ದೊಡ್ಡವರೂ ಕೊನೆಯ ಸಕಾರ ನುಂಗುತ್ತಾರೆ. ಆದರೆ 'ಎಲ್', 'ಲಾ' ಎಂಬ ಆರ್ಟಿಕಲ್‌ಗಳನ್ನೂ (ಇಂಗ್ಲಿಷಿನ 'ದ' ಇದ್ದ ಹಾಗೆ) ಕರ್ಮಸ್ಥಾನದ ಪುಟ್ಟ ಸರ್ವನಾಮಗಳನ್ನೂ ವಯಸ್ಸಿಗೆ ಮೀರಿ ಬಿಡುತ್ತಿದ್ದರೆ ಅಥವಾ ತಪ್ಪಾಗಿ ಬಳಸುತ್ತಿದ್ದರೆ ಕಿವಿಗೊಡಬೇಕು. ಭಾಷಾ ಬೆಳವಣಿಗೆಯ ತೊಂದರೆ ಸ್ಪ್ಯಾನಿಷ್‌ನಲ್ಲಿ ಹೆಚ್ಚಾಗಿ ಹೊರಬೀಳುವುದು ಅಲ್ಲಿ. ಇಂಗ್ಲಿಷಿನಲ್ಲಿ ಕ್ರಿಯಾಪದದ ಕಾಲಪ್ರತ್ಯಯಗಳಲ್ಲಿ. ಈ ವ್ಯತ್ಯಾಸ ತಿಳಿಯದವರ ಕೈಯಲ್ಲಿ ಚೆನ್ನಾಗಿರುವ ಮಗುವಿಗೆ ಹಣೆಪಟ್ಟಿ ಬೀಳುತ್ತದೆ. ಇಲ್ಲವೇ ನಿಜಕ್ಕೂ ತೊಂದರೆಯಿರುವ ಮಗುವನ್ನು 'ಇನ್ನೂ ಇಂಗ್ಲಿಷ್ ಕಲಿಯುತ್ತಿದೆ, ಬಿಡಿ' ಎಂದು ವರ್ಷಗಟ್ಟಲೆ ಕಾಯಿಸುತ್ತಾರೆ. ನನಗೆ ಹೆಚ್ಚು ಸಂಕಟ ಕೊಡುವುದು ಈ ಎರಡನೆಯದು. ಸಾಧ್ಯವಿರುವಲ್ಲೆಲ್ಲ ಮಗುವಿನ ಸ್ವಂತ ಭಾಷೆಯಲ್ಲೇ ಪರೀಕ್ಷಿಸಬೇಕೆಂದು ಇಲ್ಲಿನ ವಿಶೇಷ ಶಿಕ್ಷಣ ಕಾನೂನು ಹೇಳುತ್ತದೆ. ಹಾಗೆ ಪರೀಕ್ಷಿಸಬಲ್ಲವರು ಸಾಕಷ್ಟಿಲ್ಲ.

ಉತ್ತರ 2: ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಬಂದವಳು ನಾನು. ಭಾರತದಲ್ಲಿ ಬಿ.ಎ.ಎಸ್‌.ಎಲ್‌.ಪಿ. ಎಂಬ ವಾಕ್ ಶ್ರವಣದ ಬ್ಯಾಚುಲರ್ ಪದವಿಯಿಂದಲೇ ವೃತ್ತಿ ಶುರುಮಾಡಬಹುದು, ಇಲ್ಲಿ ಮಾಸ್ಟರ್ಸ್ ಬೇಕೇ ಬೇಕು. ಆದ್ದರಿಂದ ಮೊದಲು ಜಿಪಿಎ (ಸರಾಸರಿ ಅಂಕ) ಕಾಪಾಡಿಕೊಳ್ಳಲಿ. ಮಾಸ್ಟರ್ಸ್ ಸೀಟಿಗೆ ಪೈಪೋಟಿ ಜೋರು. ಎರಡು ಮೇಜರ್‌ನಿಂದ ಅಂಕ ಜಾರುವಂತಿದ್ದರೆ ಮೈನರ್ ಸಾಕು. ಆಶಾ (ASHA, ಅಮೆರಿಕದ ಸ್ಪೀಚ್ ಥೆರಪಿಸ್ಟ್‌ಗಳ ವೃತ್ತಿಸಂಘ) ಸಂಸ್ಥೆಯ ಪ್ರಮಾಣಪತ್ರಕ್ಕೆ ಜೀವಶಾಸ್ತ್ರ, ಭೌತಶಾಸ್ತ್ರ ಅಥವಾ ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಒಂದು ಸಮಾಜವಿಜ್ಞಾನ ಬೇಕಾಗುತ್ತವೆ. ಇವನ್ನು ಮೊದಲ ಎರಡು ವರ್ಷದಲ್ಲೇ ಮುಗಿಸಿದರೆ ಹಗುರ. ಆಮೇಲೆ 400 ಗಂಟೆ ಕ್ಲಿನಿಕಲ್ ಅನುಭವ, ಪ್ರಾಕ್ಸಿಸ್ ಎಂಬ ವೃತ್ತಿ ಪರೀಕ್ಷೆ, ಪೂರ್ಣಾವಧಿಯಾದರೆ 36 ವಾರಗಳ ಫೆಲೋಶಿಪ್ (ಅನುಭವಿಗಳ ಮೇಲ್ವಿಚಾರಣೆಯಲ್ಲಿ ಕೆಲಸ).

ಇನ್ನೊಂದು ಮಾತು. ಮಗು ಮಾತಾಡುವುದು ತಡವಾದರೆ ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂಬ ಸಲಹೆ ನಮ್ಮವರಿಗೆ ಈಗಲೂ ಸಿಗುತ್ತದೆ. ಎರಡು ಭಾಷೆಯಿಂದ ಭಾಷಾದೋಷ ಹುಟ್ಟುವುದಿಲ್ಲ. ಸ್ಪ್ಯಾನಿಷ್ ಮಕ್ಕಳಿಗಾಗಿ ನಿಮ್ಮ ಮಗಳು ಕಲಿಯುವುದು ಕನ್ನಡದ ಮನೆಗಳಿಗೂ ನೆರವಾಗುತ್ತದೆ.

ಉತ್ತರ 3: ನಾನು ಬರೀ ಸ್ಪ್ಯಾನಿಷ್ ಮೇಜರ್. ಪದವಿಯ ನಂತರ ಲೆವೆಲಿಂಗ್ ಕೋರ್ಸ್‌ಗಳನ್ನು (ಬೇರೆ ವಿಷಯ ಓದಿ ಬಂದವರಿಗೆ ಇರುವ ಪೂರ್ವತಯಾರಿ ಕೋರ್ಸ್‌ಗಳು) ಮುಗಿಸಿ ಮಾಸ್ಟರ್ಸ್ ಸೇರಿದೆ. ಹೆಚ್ಚುವರಿ ಕಾಲ, ಹೆಚ್ಚುವರಿ ಶುಲ್ಕ ಎರಡೂ ತಗುಲುತ್ತವೆ. ನಿಮ್ಮ ಮಗಳಿಗೆ ಗುರಿ ಈಗಲೇ ಸ್ಪಷ್ಟವಿರುವಾಗ ಈ ಸುತ್ತು ಬೇಡ. ವಿದೇಶದಲ್ಲಿ ಒಂದು ಸೆಮಿಸ್ಟರ್ ಓದುವ ಅವಕಾಶ ಸಿಕ್ಕರೆ ಮಾತ್ರ ತಪ್ಪಿಸಿಕೊಳ್ಳಬಾರದು. ದ್ವಿಭಾಷಾ ಥೆರಪಿಸ್ಟ್ ಎನಿಸಿಕೊಳ್ಳಲು ಮಾತೃಭಾಷಿಕರಷ್ಟು ಅಥವಾ ಅದಕ್ಕೆ ಹತ್ತಿರದಷ್ಟು ಮಾತು ಬರಬೇಕೆಂದು ಆಶಾ ಹೇಳುತ್ತದೆ. ತರಗತಿಯಲ್ಲಿ ಕೂತು ಮಾತ್ರ ಅದು ಬರುವುದಿಲ್ಲ.

ಉತ್ತರ 1 ಬರೆದವರು, ಮತ್ತೆ: ಮಾಸ್ಟರ್ಸ್‌ಗೆ ಸ್ಯಾನ್ ಡಿಯೆಗೊ ಸ್ಟೇಟ್ ವಿಶ್ವವಿದ್ಯಾಲಯದಂತೆ ದ್ವಿಭಾಷಾ ತರಬೇತಿ ಇರುವ ಕಡೆ ನೋಡಿ. ಸದ್ಯಕ್ಕೆ ಅವಳು ಆರಿಸಿಕೊಂಡಿರುವ ಕಾಲೇಜುಗಳ ಸ್ಪ್ಯಾನಿಷ್ ವಿಭಾಗದ ಕೋರ್ಸ್ ಪಟ್ಟಿ ಇಲ್ಲಿ ಹಾಕಿ, ಯಾವುದು ಬೇಕು ಯಾವುದು ಬೇಡ ಅಂತ ಗುರುತು ಹಾಕಿ ಕೊಡುತ್ತೇನೆ.