ಹೊಂಗೆ ಎಣ್ಣೆ ಎಫ್‌ಎಫ್‌ಎ ಇಳಿಸೋಕೆ ಗ್ಲಿಸರಿನ್: ಯಾವ ಆಸಿಡ್ ಹಾಕೋದು?

ಶಿರಾ: 200 ಕೆಜಿ ಹೊಂಗೆ ಎಣ್ಣೆ ಇದೆ, ಎಫ್‌ಎಫ್‌ಎ (ಎಣ್ಣೆಯಲ್ಲಿ ಬಿಡಿಯಾಗಿರೋ ಕೊಬ್ಬಿನ ಆಮ್ಲ) 18%. ನೇರ ಬಯೋಡೀಸೆಲ್‌ಗೆ ಹಾಕಿದ್ರೆ ಸೋಪಾಗುತ್ತೆ. ಹಳೇ ಬಯೋಡೀಸೆಲ್ ಬ್ಯಾಚಿನಲ್ಲಿ ಉಳಿದ ಗ್ಲಿಸರಿನ್ ಸೇರಿಸಿ, ಆ ಆಮ್ಲ ಅದಕ್ಕೆ ಕೂಡಿಕೊಳ್ಳೋ ಹಾಗೆ ಮಾಡಿ ಇಳಿಸೋಣ ಅಂತ. ರಿಯಾಕ್ಷನ್ ವೇಗಕ್ಕೆ ಸಲ್ಫ್ಯೂರಿಕ್ಕೋ, ಪಿಟಿಎಸ್‌ಎನೋ (ಪ್ಯಾರಾ ಟೊಲ್ವೀನ್ ಸಲ್ಫೋನಿಕ್ ಆಸಿಡ್), ಆಸಿಡ್ ಗುಣದ ರೆಸಿನ್ ಮಣಿಗಳೋ? ಮಾಡಿದವರು ಹೇಳಿ.

ವಸಂತನರಸಾಪುರ: ಪಿಟಿಎಸ್‌ಎ, ಬೇರೆ ಮಾತಿಲ್ಲ. ಎಣ್ಣೆಗೆ ಅರ್ಧ ಪರ್ಸೆಂಟ್, 140 ಡಿಗ್ರಿ, ವ್ಯಾಕ್ಯೂಮ್ ಎಳೀತಾನೇ ಇರಬೇಕು. ಆಸಿಡ್ ವೇಗ ಕೊಡುತ್ತೆ ಅಷ್ಟೇ, ನೀರು ಆಚೆ ಹೋಗದಿದ್ರೆ ರಿಯಾಕ್ಷನ್ ಅರ್ಧಕ್ಕೇ ನಿಲ್ಲುತ್ತೆ. 36 ಕೆಜಿ ಎಫ್‌ಎಫ್‌ಎಗೆ ಗ್ಲಿಸರಿನ್ ಲೆಕ್ಕದಲ್ಲಿ 11.7 ಕೆಜಿ, ಹಾಕೋದು 15. ಹುಟ್ಟೋ ನೀರು 2.3 ಕೆಜಿ. ಕಂಡೆನ್ಸರ್ ಕೆಳಗೆ ಜಾರ್ ಇಟ್ಟು ಅಳೀರಿ. ಗ್ಲಿಸರಿನ್‌ನಲ್ಲೇ ಇದ್ದ ನೀರು ಮೊದಲು ಇಳಿಯುತ್ತೆ, ಅದನ್ನ ಸೇರಿಸಿ ಎಣಿಸಿ ಖುಷಿಪಡಬೇಡಿ.

ಮಾಲೂರು: ಪಿಟಿಎಸ್‌ಎ ರೇಟು ಕೇಳಿದೀರಾ ಸ್ವಾಮಿ? ಸಲ್ಫ್ಯೂರಿಕ್ 0.3% ಸಾಕು, 115 ಡಿಗ್ರಿ. ಕಪ್ಪಾಗುತ್ತೆ ಅಂತೀರಾ, ಹೊಂಗೆ ಎಣ್ಣೆ ಮೊದಲೇನು ಹಾಲಿನ ಹಾಗಿತ್ತಾ?

ವಸಂತನರಸಾಪುರ: ಬಣ್ಣ ಬಿಡಿ. ಬಿಸಿ ಕೈಮೀರಿದ್ರೆ ಸಲ್ಫ್ಯೂರಿಕ್ಕು ಗ್ಲಿಸರಿನ್ನಿಂದಲೇ ನೀರು ಕಿತ್ತು ಅಕ್ರೋಲಿನ್ ಅನ್ನೋ ಘಾಟು ಆವಿ ಮಾಡುತ್ತೆ, ಕಣ್ಣು ಬಿಡೋಕಾಗಲ್ಲ. ನಮ್ಮ 304 ಸ್ಟೇನ್‌ಲೆಸ್ ಸ್ಟೀಲ್ ಕೆಟಲ್‌ನಲ್ಲಿ ವೆಲ್ಡಿಂಗ್ ಪಕ್ಕ ಸೂಜಿ ತೂತು ಬಿತ್ತು, ತಳ ಬದಲಿಸೋಕೆ 62,000. ನಿಮ್ಮ ಅಗ್ಗದ ಆಸಿಡ್ಡಿನ ಬಿಲ್ಲು ಅದು.

ಮಾಲೂರು: 304 ಹಾಕಿದ ತಪ್ಪು ಆಸಿಡ್ ತಲೆಗೆ ಯಾಕೆ ಕಟ್ಟೋದು? ಕೆಟಲ್ ಒಳಗೆ ಗ್ಲಾಸ್ ಲೈನಿಂಗ್ ಇರೋದು ಯಾತಕ್ಕೆ?

ಗೌರಿಬಿದನೂರು: ಇಬ್ಬರೂ ಗ್ಲಿಸರಿನ್ ಎಂಥದ್ದು ಅಂತ ಕೇಳಲೇ ಇಲ್ಲ. ಹಳೇ ಬ್ಯಾಚಿಂದು ಅಂದ್ರೆ ಕಾಸ್ಟಿಕ್ ಸೋಡಾ, ಸೋಪು ಎಲ್ಲಾ ಅದರಲ್ಲೇ. 210 ಗ್ರಾಂ ಕಾಸ್ಟಿಕ್ ಉಳಿದಿದ್ರೂ ಸಾಕು, ಒಂದು ಕೆಜಿ ಪಿಟಿಎಸ್‌ಎ ಪೂರ್ತಿ ಸತ್ತಂತೆ. ಮೊದಲು ಗ್ಲಿಸರಿನ್‌ಗೇ ಆಸಿಡ್ ಹಾಕಿ ಸೋಪು ಒಡೆಸಿ. ಮೇಲೆ ತೇಲೋ ಕಪ್ಪು ಪದರ ತೆಗೀರಿ, ಕೆಳಗೆ ಕೂತ ಉಪ್ಪು ಸೋಸಿ, ಮೆಥನಾಲ್ ಕುದಿಸಿ ಕಂಡೆನ್ಸರ್‌ನಲ್ಲಿ ಹಿಡೀರಿ. ಆಂಬರ್‌ಲಿಸ್ಟ್-15 ರೆಸಿನ್ ಅಂತೂ ಬೇಡ. 120 ಡಿಗ್ರಿ ದಾಟೋ ಹಾಗಿಲ್ಲ, ದಪ್ಪ ಎಣ್ಣೆ ಅದರ ತೂತಿಗೆ ಇಳಿಯಲ್ಲ, ಸೋಪಿನ ಸೋಡಿಯಂ ಬಂತೋ ಅದೂ ಸತ್ತಿತು.

ಮಾಲೂರು: ಸೋಪು ಒಡೆಸಿದ್ರೂ ಆಸಿಡ್ ವ್ಯಾಲ್ಯೂ (ಎಣ್ಣೆಯಲ್ಲಿರೋ ಆಮ್ಲದ ಅಳತೆ) 5ರಿಂದ ಕೆಳಗೆ ಬರ್ತಿಲ್ಲವಲ್ಲ, ಅದಕ್ಕೇನಂತೀರಿ?

ಗೌರಿಬಿದನೂರು: ಬರೋದು ಹೇಗೆ? ಆಮ್ಲ ಅಳೆಯೋ ಬ್ಯುರೆಟ್ಟಿಗೆ ನಿಮ್ಮ ಸಲ್ಫ್ಯೂರಿಕ್ಕೂ ಆಸಿಡ್ಡೇ. 0.3% ಹಾಕಿದ್ರೆ ಅದೇ 3.4 ತೋರಿಸುತ್ತೆ, ಪಿಟಿಎಸ್‌ಎ ಅರ್ಧ ಪರ್ಸೆಂಟ್ 1.5. ಅದನ್ನ ಕಳೀರಿ. ಇಷ್ಟು ದಿನ ಸುಮ್ಮನೆ ಬೇಯಿಸಿದ್ದಾ?

ಮಾಲೂರು: ಸುಮ್ಮನೆ ಬೇಯಿಸೋಕೆ ಡೀಸೆಲ್ ನಿಮ್ಮಪ್ಪ ಕೊಡ್ತಾರಾ?

ಶಿರಾ: ಅಣ್ಣಾ, ನನ್ನ ಹತ್ರ ಇರೋದು ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಡ್ರಮ್ಮು. ವ್ಯಾಕ್ಯೂಮ್ ಇಲ್ಲ.

ವಸಂತನರಸಾಪುರ: ಎಂಎಸ್‌ಗೆ ಯಾವ ಆಸಿಡ್ಡೂ ಮುಟ್ಟಿಸಬೇಡಿ. ಇದನ್ನ ಮೊದಲೇ ಹೇಳೋದಲ್ವಾ?